ತಾಡಪತ್ರಿಯ ಏಳನೆಯ ಕಲ್ಲು

ಗೌರಿಬಿದನೂರು, ೩ ಫೆಬ್ರವರಿ ೧೯೬೪, ಬೆಳಿಗ್ಗೆ

ಕೆಟ್ಟ ಕನಸು. ಗೋಣಿಚೀಲ ಬಿಚ್ಚಿದರೆ ಒಂದು ಕಲ್ಲಿನ ಮೇಲೂ ನಂಬರಿಲ್ಲ. ನಮ್ಮ ಕ್ಯಾಂಪಿನ ಸಾಹೇಬರು, ಜಿಯಾಲಜಿಸ್ಟ್ ಜಯರಾಮಪ್ಪನವರು ಎದುರಿಗೆ ನಿಂತು, "ಯಾವ್ದು ಎಲ್ಲೀದಪ್ಪಾ?" ಅನ್ನುತ್ತಾರೆ.

ಎದ್ದವನೇ ಶೆಡ್ಡಿಗೆ ಓಡಿದೆ. ಹನ್ನೆರಡು ಕಲ್ಲು, ಹನ್ನೆರಡು ನಂಬರು. ಮತ್ತೆ ಎಣಿಸಿದೆ.

ತಾಡಪತ್ರಿ ಗಣಿಯಿಂದ ನಾನೇ ಒಡೆದು ರೈಲಿನಲ್ಲಿ ತಂದ ಸುಣ್ಣದ ಕಲ್ಲು. ಒಂದೊಂದರಿಂದಲೂ ಒಂದು ಚೂರು ಕುಟ್ಟಿ ಪುಡಿ ಮಾಡಿ ವಿಲಾಯತಿಗೆ ಕಳಿಸಿದ್ದಾಗಿದೆ. ಕೋಟ್ಯಂತರ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಕೂತ ಕಲ್ಲಂತೆ. ಅದರೊಳಗಿನ ಆಮ್ಲಜನಕದಲ್ಲಿ ಹಗುರದ್ದು, ಭಾರದ್ದು ಅಂತ ಇದೆ. ಆಮೇಲೆ ಮಳೆನೀರು ಹೊಕ್ಕು ಕಲ್ಲು ಕೆಟ್ಟಿದ್ದರೆ ಹಗುರದ್ದು ಜಾಸ್ತಿ. ಅಲ್ಲಿನ ಮೆಷೀನು ತೂಗಿ ಹೇಳುತ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇಷ್ಟು ತಿಳಿದದ್ದೇ ಹೆಚ್ಚು.

ರಿಪೋರ್ಟು ಇನ್ನೂ ಬಂದಿಲ್ಲ.

೧೯ ಫೆಬ್ರವರಿ

ಬಂತು. ಹನ್ನೆರಡೂ ಕೆಟ್ಟ ಕಲ್ಲಂತೆ. ಎಲ್ಲಕ್ಕಿಂತ ಕೆಟ್ಟದ್ದು ಏಳನೆಯದು. ಏಳನೆಯದು! ಹಗ್ಗ ಹಿಡಿದು ಗಣಿಯ ತಳಕ್ಕೆ ಇಳಿದು ತೆಗೆದದ್ದು. ಮಳೆನೀರು ಹೊಗಲು ಒಂದು ಬಿರುಕೂ ಇಲ್ಲ.

ಕ್ಯಾಂಪಿನಲ್ಲಿ ಎಲ್ಲರೆದುರಿಗೇ ಜಯರಾಮಪ್ಪನವರು ಕೇಳಿದರು — "ಏನ್ ಕೊಂಡಪ್ಪ, ಗಣಿಗೆ ಇಳಿದ್ಯೋ, ಇಲ್ಲ ಸ್ಟೇಷನ್ ಪಕ್ಕ ಬಿದ್ದಿದ್ದು ಆರಿಸ್ಕೊಂಡು ಬಂದ್ಯೋ?"

"ಇಳಿದೆ ಸಾರ್."

"ಹಂಗಾದ್ರೆ ಮೆಷೀನು ಸುಳ್ಳು ಹೇಳುತ್ತೇನಯ್ಯಾ?"

"ಮೆಷೀನ್ ವಿಷ್ಯ ನಂಗೊತ್ತಿಲ್ಲ ಸಾರ್. ನಾನಂತೂ ಹೇಳ್ತಿಲ್ಲ."

ಜೀಪಿನ ಡ್ರೈವರ್ ಬಯ್ಯಪ್ಪ ಕಿಸಕ್ಕೆಂದ. ಸಾಹೇಬರಿಗೆ ರೇಗಿತು. ಒಂದು ಕಾಗದ ಮುಂದಿಟ್ಟರು. ಗಣಿಗೆ ಇಳಿಯಲಿಲ್ಲ ಅಂತ ಸೈನ್ ಹಾಕಿದರೆ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆ.

ಹಾಕಲಿಲ್ಲ.

೨೩ ಫೆಬ್ರವರಿ, ಮಧ್ಯಾಹ್ನ

ಊಟ ಸೇರುತ್ತಿಲ್ಲ. ಹೆಂಡತಿ ಕದಿರಮ್ಮ ಹೊಸ ಸುಣ್ಣ ಬಳಿಯಲು ಗೋಡೆಯ ಹಳೇ ಚಕ್ಕೆ ಕೆರೆಯುತ್ತಿದ್ದಳು.

"ಒಂದು ಸೈನು ತಾನೆ? ಹಾಕಿದ್ರೆ ಕೈ ಸವೆದೋಗ್ತಿತ್ತಾ?"

"ಇಳಿದಿದ್ದೀನಿ ಕಣೇ."

"ನಂಗೊತ್ತಿಲ್ವಾ? ಹತ್ತು ದಿನ ಸೊಂಟಕ್ಕೆ ಎಣ್ಣೆ ತಿಕ್ಕಿದೋಳು ನಾನು. ಹೋಗಿ ನಿಮ್ಮ ಸಾರ್‌ಗೆ ಸೊಂಟ ತೋರ್ಸಿ!"

ಸುಣ್ಣದ ಕಲ್ಲು ಪರೀಕ್ಷಿಸುವ ಆಸಿಡ್ ಬಾಟಲಿ ಕೈಲಿತ್ತು. ಸುಮ್ಮನೆ ಒಂದು ಚಕ್ಕೆಯ ಮೇಲೆ ತೊಟ್ಟು ಬಿಟ್ಟೆ. ಬುಸ್ಸೆಂದು ನೊರೆ, ಗಣಿಯ ಕಲ್ಲಿನಂತೆಯೇ. ಮಡಕೆಯ ಹೊಸ ಸುಣ್ಣಕ್ಕೆ ಬಿಟ್ಟೆ. ನೊರೆಯಿಲ್ಲ.

ಅಂದರೆ... ಬಳಿದ ಸುಣ್ಣ ಗಾಳಿ ಕುಡಿದು ಮತ್ತೆ ಕಲ್ಲಾಗುತ್ತದೆ. ಈಗಿನ ಗಾಳಿ, ನೀರಿನ ಹಗುರದ್ದೇ ಅದರೊಳಗೂ ಇರಬೇಕು.

ನಂಬರುಗಳು ನೆನಪಾದವು. ಕಲ್ಲು ಕಪ್ಪು, ಮಸಿ ಕಾಣಲಿಲ್ಲ. ನಂಬರು ಸುಣ್ಣದಲ್ಲೇ ಬರೆದಿದ್ದೆ. ರೈಲಿನಲ್ಲಿ ಅಳಿಸಿಹೋದರೆ ಅಂತ ಹೆದರಿ ಎರಡೆರಡು ಸಲ. ಏಳನೆಯದಕ್ಕೆ ಮೂರು ಸಲ. ಚೂರು ಒಡೆದಾಗ ನಂಬರಿನ ಒಂದು ಅಂಚೂ ಜೊತೆಗೆ ಬಂದಿತ್ತು, ಅದರ ಸಮೇತ ಕುಟ್ಟಿದೆ. ಹಳೇ ಸಮುದ್ರದ ಪುಡಿಯೊಳಗೆ ಮೊನ್ನೆ ಹುಟ್ಟಿದ ಕಲ್ಲು ಬೆರೆಸಿ ಕಳಿಸಿದ್ದೇನೆ!

೨೫ ಫೆಬ್ರವರಿ

ಬಯ್ಯಪ್ಪನಿಗೆ ಹೇಳಿದೆ. ಅವನಂದ — "ಎಂದುಕಪ್ಪಾ, ಯಾಕೆ ನಿಂಗೆ ಈ ಉಸಾಬರಿ? ತಪ್ಪು ನೀನೇ ತೋರಿಸ್ಕೊಟ್ರೆ ಅದಕ್ಕೂ ಒಂದು ಸೈನ್ ಹಾಕಿಸ್ಕೊಂತಾರೆ."

ನಿಜವಿರಬಹುದು. ಸಾಹೇಬರ ಬಾಗಿಲವರೆಗೆ ಹೋಗಿ ಎರಡು ಸಲ ವಾಪಸ್ಸು ಬಂದೆ. ಮೂರನೇ ಸಲ ಒಳಗೆ.

"ಸುಣ್ಣ ಹಚ್ಚಿದ್ದು ನಾನೇ ಸಾರ್. ಅದಕ್ಕೆ ಎಲ್ಲಿ ಬೇಕಾದ್ರೂ ಸೈನ್ ಹಾಕ್ತೀನಿ. ಇಳಿದಿಲ್ಲ ಅನ್ನೋದಕ್ಕೆ ಮಾತ್ರ ಹಾಕಲ್ಲ."

ಒಂದು ಬಿಳಿ ಹಾಳೆ ನನ್ನ ಕಡೆ ತಳ್ಳಿದರು. "ಬರೆದು ಕೊಡು. ನೋಡಣ."

೨೮ ಫೆಬ್ರವರಿ, ಸಂಜೆ

ನಾಳೆ ಇಪ್ಪತ್ತೊಂಬತ್ತು, ತಿಂಗಳ ಕೊನೆ. ಏಳನೆಯದರ ಹೊರಮೈ ಪೂರ್ತಿ ಕೆತ್ತಿ, ಹೊಟ್ಟೆಯೊಳಗಿನ ಚೂರು ತೆಗೆದು ಕುಟ್ಟಿ ಬಾಟಲಿಗೆ ತುಂಬಿದೆ. ಪತ್ರ ನಾಲ್ಕು ಸಲ ಬರೆದು ಹರಿದೆ. ಐದನೆಯದು ಇದು —

ಸಾರ್, ಗಣಿಗೆ ಇಳಿದದ್ದು ನಿಜ. ಕೆಲಸದಿಂದ ತೆಗೆದರೂ ಇದನ್ನೇ ಹೇಳುತ್ತೇನೆ. ಉಳಿದ ಹನ್ನೊಂದನ್ನು ಬಿಡಿ. ಈ ಒಂದು ಬಾಟಲಿಯನ್ನು ಇನ್ನೊಂದು ಸಲ ತೂಗಿಸಿ. ಇದರಲ್ಲಿ ನನ್ನ ಸುಣ್ಣ ಇಲ್ಲ, ಗಣಿಯ ಕಲ್ಲು ಮಾತ್ರ.