ನೀವು ಹೇಳದೆ ಮಾಡಿಸಿದ ಕೀಲಿ

ಪಲ್ಲವಿಯ ಅಪ್ಪನವರಿಗೆ,

ಉಣಕಲ್ ಕೆರೆಯ ದಂಡೆಯಲ್ಲಿ ನಾನು ಕಾರಿನ ಕೀಲಿ ಕಳೆದುಕೊಂಡ ಸಂಜೆ ನಿಮಗೆ ನೆನಪಿದೆಯೇ? ನನ್ನ ಲೈಸೆನ್ಸ್ ಬಂದು ತಿಂಗಳೂ ಆಗಿರಲಿಲ್ಲ. ಹುಲ್ಲು, ಕಲ್ಲುಸಂದಿ ಎಲ್ಲ ತಡಕಿದೆ. ನೀವು ನಿಂತಲ್ಲೇ ನಿಂತು, "ನಿನ್ನ ಕೈಯಾಗ ಕೊಟ್ಟದ್ದ ನಂದ ತಪ್ಪು," ಅಂದಿರಿ. ಇನ್ನೊಂದು ಮಾಡಿಸೋಣ ಅಂದರೆ, "ಇದರಾಗ ಚಿಪ್ ಇರ್ತೈತಿ. ಈ ಊರಾಗ ಯಾರೂ ಮಾಡಂಗಿಲ್ಲ," ಅಂದಿರಿ. ನಂಬಿದೆ. ಉಳಿದ ಒಂದು ಕೀಲಿ ನೀವು ತೀರಿಹೋಗುವವರೆಗೂ ನಿಮ್ಮ ಜೇಬಿನಲ್ಲೇ ಇತ್ತು.

ನನ್ನ ಅವ್ವನ ಆ ಮಧ್ಯಾಹ್ನ... ನೀವು ರೈಲಿನಲ್ಲಿ ಗದಗಕ್ಕೆ ಹೋಗಿದ್ದಿರಿ, ಕೀಲಿಯೂ ನಿಮ್ಮ ಜೊತೆಗೇ. ಕಾರು ಬಾಗಿಲ ಮುಂದೆ ನಿಂತಿತ್ತು. ಅವ್ವನಿಗೆ ಉಸಿರು ಸಿಗುತ್ತಿರಲಿಲ್ಲ. ಆಂಬ್ಯುಲೆನ್ಸ್ ತಡ ಎಂದರು. ನಿಮಗೆ ಫೋನ್ ಮಾಡಿದೆ. "ಲಗೂ ಆಟೋ ನೋಡು," ಅಂದಿರಿ. ಅಷ್ಟೇ. ಆಟೋ ಸಿಗುವಷ್ಟರಲ್ಲಿ ಮುಕ್ಕಾಲು ತಾಸು ಹೋಯಿತು. ಆಸ್ಪತ್ರೆ ಮುಟ್ಟುವ ಮುಂಚೆಯೇ ಅವ್ವ ನನ್ನ ತೊಡೆಯ ಮೇಲೆ... ಕೀಲಿ ಕಳೆಯದಿದ್ದರೆ ನಾನೇ ಕರೆದೊಯ್ಯುತ್ತಿದ್ದೆನಲ್ಲ ಎಂದು ಮೂರು ವರ್ಷ ನನ್ನನ್ನೇ ಬೈದುಕೊಂಡೆ. ನೀವು ಕೇಳಿಸಿಕೊಂಡೂ ಸುಮ್ಮನಿದ್ದಿರಿ.

ನೀವು ಹೋಗಿ ನಾಲ್ಕು ತಿಂಗಳಾಯಿತು. ಹೋದ ವಾರ, ಪಲ್ಲವಿಗೂ ಒಂದು ಕೀಲಿ ಇರಲಿ ಎಂದು ವಿಚಾರಿಸಿದೆ. ನಮ್ಮೂರಿನ ಕಮರಿಪೇಟೆಯಲ್ಲೇ ಮಾಡುತ್ತಾರಂತೆ. ಹೋದೆ. ಕೀಲಿ ಮಾಡುವ ಮೌಲಾಸಾಬರು ಕಾರನ್ನು ನೋಡಿದ ಕೂಡಲೇ ಗುರುತಿಸಿದರು. ಸ್ಟೇರಿಂಗ್ ಕೆಳಗೆ ಯಂತ್ರದ ವೈರು ಸಿಕ್ಕಿಸಿ ಪರದೆ ನೋಡಿದರು.

"ಅಕ್ಕಾರ, ಈ ಗಾಡಿ ಎರಡ ಕೀಲಿ ಗುರ್ತ ಹಿಡೀತೈತಿ. ಇನ್ನೊಂದ ಎಲ್ಲೈತ್ರಿ?"

"ಅದು ಕಳದು ಭಾಳ ವರ್ಷ ಆತ್ರಿ."

"ಕಳದದ್ದರ ಗುರ್ತ ನಾನ ಅವತ್ತ ಅಳಿಸೇನ್ರಿ. ಇದು ಆಮ್ಯಾಲೆ ಸೇರಿಸಿದ್ದು. ಕೀಲಿ ಕಳದ ಒಂದ ವಾರಕ್ಕ ಸಾಹೇಬ್ರು ಅವರ ತಮ್ಮನ್ನ ಕರ್ಕೊಂಡ ಬಂದು, ಅವರಿಗಂತ ಮಾಡಿಸಿದ್ರಲ್ಲ? ಅರ್ಧ ತಾಸಿನ ಕೆಲಸ."

ನಿಮ್ಮ ತಮ್ಮ ಈರಣ್ಣ. ಅವನ ಮನೆ ನಮ್ಮ ಹಿಂದಿನ ಓಣಿ. ಅಲ್ಲೇ ಕಟ್ಟೆಯ ಮೇಲೆ ಕೂತೆ. ಆಮೇಲೆ, ಅವನ ಕೀಲಿಯ ಗುರುತನ್ನು ಕಾರಿನಿಂದ ಅಳಿಸಿ, ನನ್ನದು ಮತ್ತು ಪಲ್ಲವಿಯದು ಎರಡೇ ಇರಲಿ ಎಂದೆ.

ಮೊನ್ನೆ ಈರಣ್ಣನನ್ನು ಕರೆಸಿದೆ. ತಲೆ ಎತ್ತದೆ ಕೀಲಿ ತಂದುಕೊಟ್ಟ.

"ಯಾರ ಮುಂದೂ ಅನಬ್ಯಾಡ ಅಂದಿದ್ದ ಅಣ್ಣ. ನಿಮಗ ಗೊತ್ತಾದ್ರ ನೀವು ಗಾಡಿ ಕೇಳ್ತೀರಿ ಅಂತ."

"ಅವ್ವ ಸತ್ತ ದಿನ ನೀ ಎಲ್ಲಿದ್ದಿ?"

"ಮನ್ಯಾಗ ಇದ್ದೆ, ವೈನಿ."

"ನಿಮ್ಮಣ್ಣ ಫೋನ್ ಮಾಡಿದ್ರೇನು?"

"ಇಲ್ಲ ವೈನಿ. ನನಗ ಸಂಜಿಗೆ ಗೊತ್ತಾತು."

ಅವನು ಹೋದ ಮೇಲೆ ಆ ಕೀಲಿ ಹಾಕಿ ನೋಡಿದೆ. ಗುರುತು ಅಳಿಸಿದ ಕೀಲಿಯಲ್ಲವೇ, ಎಂಜಿನ್ ಹೊತ್ತಿಕೊಂಡು ಎರಡು ಕ್ಷಣಕ್ಕೆ ನಿಂತಿತು. ಸಮಾಧಾನವೇನೂ ಆಗಲಿಲ್ಲ.

ಹಿಂದಿನ ಓಣಿಯಲ್ಲೇ ಇನ್ನೊಂದು ಕೀಲಿ ಇರುವುದು ಆ ಮಧ್ಯಾಹ್ನ ನಿಮಗೆ ಮರೆತೇ ಹೋಗಿತ್ತೇ? ಅಥವಾ ನೆನಪಿದ್ದೂ, ಸುಳ್ಳು ಹೊರಬೀಳುತ್ತದೆಂದು...? ಮರೆತಿದ್ದಿರಿ ಎಂದೇ ಅಂದುಕೊಳ್ಳಲು ನೋಡುತ್ತೇನೆ. ಆಗುತ್ತಿಲ್ಲ.

ಅಜ್ಜಿ ಸತ್ತದ್ದು ಅಮ್ಮ ಕೀಲಿ ಕಳೆದದ್ದರಿಂದ ಎಂದು ಪಲ್ಲವಿಯೂ ನಂಬಿದ್ದಾಳೆ. ಸಿಟ್ಟು ಬಂದಾಗ ಅಂದೂ ಬಿಡುತ್ತಾಳೆ. ಈ ಭಾನುವಾರ ಅವಳನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳುತ್ತೇನೆ. ನಿಮ್ಮ ಹೆಸರು ಕಾಯುವ ಕೆಲಸ ಇನ್ನು ನನ್ನಿಂದ ಆಗದು.