ಆ ದಿನ ಕುರಿಗಳನ್ನು ವಾಪಸ್ ಕರೆದದ್ದಕ್ಕೆ

ಅವ್ವಾ,

ಆ ದಿನ ಹಳ್ಳದ ಆಚೆ ದಡದಲ್ಲಿ ನೀನು ಬೆನ್ನು ತಿರುಗಿಸಿ ಹೋದೆಯಲ್ಲ, ಏಳು ವರ್ಷದಿಂದ ಅದೇ ಬೆನ್ನು ನನ್ನ ಕಣ್ಣ ಮುಂದಿದೆ. ನಿನಗೆ ಓದಲು ಬರುತ್ತಿರಲಿಲ್ಲ. ನನಗೂ ಬರೆಯಲು ಬರುತ್ತಿರಲಿಲ್ಲ, ಈಚೆಗೆ ಮಗಳ ಹಲಗೆಯ ಮೇಲೆ ಅವಳ ಜೊತೆಯಲ್ಲೇ ಕಲಿತೆ. ಹೌದು, ಮಗಳು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮದುವೆಯಾಗಿ ದೇವಸಮುದ್ರಕ್ಕೆ ಹೊರಟ ದಿನ ನೆನಪಿದೆಯಾ? ಬಳುವಳಿಯಾಗಿ ಇಪ್ಪತ್ತು ಕುರಿ ಕೊಟ್ಟೆ. ಬೀಗರು ಸೀರೆಯ ಅಂಚು ಮುಟ್ಟಿ ನೋಡುತ್ತಿದ್ದಾಗ ನೀನು ನನ್ನನ್ನು ದೊಡ್ಡಿಯ ಹಿಂದಕ್ಕೆ ಎಳೆದುಕೊಂಡು ಹೋಗಿ ಕುರಿ ಕರೆಯುವ ಕೂಗು ಹೇಳಿಕೊಟ್ಟೆ. ನಾಲಿಗೆಯನ್ನು ಅಂಗುಳಕ್ಕೆ ಬಡಿದು ಮೊದಲು "ಟ್ರ್‌ರ್‌ರ್", ಆಮೇಲೆ ನಮ್ಮ ತೆಲುಗಿನಲ್ಲಿ ಬಾರೇ ಎಂದು ಉದ್ದಕ್ಕೆ ಎಳೆದು "ರಾವೇ... ರಾವೇ". "ಇವು ನನ್ನ ದನಿ ಬಿಟ್ರೆ ಯಾರ್ ಮಾತೂ ಕೇಳಲ್ಲ ಕಣೇ. ನಿನ್ ಗಂಡ ಕೂಗಿದ್ರೂ ಅಷ್ಟೇ. ನನ್ನಂಗೇ ಕೂಗು," ಎಂದೆ. ನಾನು ಅಳುತ್ತಲೇ ಕೂಗಿದೆ. "ಅಳೋ ದನಿಗೆ ಕುರಿ ಬರಲ್ಲ, ಸರಿಯಾಗಿ ಕೂಗು," ಎಂದು ತಲೆಗೆ ಮೊಟಕಿದೆ. ಮದುಮಗಳೆಂದೂ ನೋಡಲಿಲ್ಲ ನೀನು!

ಗಡಿ ಮುಚ್ಚಿದ್ದು ಮಾರನೆಯ ವರ್ಷ. ನಿಮ್ಮ ರಾಯದುರ್ಗದ ಅರಸರಿಗೂ ನಮ್ಮ ಅರಸರಿಗೂ ಯಾತಕ್ಕೆ ಮನಸ್ತಾಪ ಬಂತೆಂದು ನಮಗೆ ಯಾರೂ ಹೇಳಲಿಲ್ಲ. ಹಳ್ಳದ ಉದ್ದಕ್ಕೂ ಸುಣ್ಣ ಬಳಿದ ಕಲ್ಲು ನೆಟ್ಟರು, ಎರಡೂ ಕಡೆ ಕೋವಿ ಹಿಡಿದ ಪಹರೆಯವರು ಕುಳಿತರು. ದಾಟಿದವರಿಗೆ ಗುಂಡು ಎಂದು ಡಂಗುರ ಸಾರಿದರು. ದಸರೆ ಕಳೆಯಲಿ, ಯುದ್ಧ ಎಂದರು. ಆಮೇಲೆ ಸಂಕ್ರಾಂತಿ ಎಂದರು, ಯುಗಾದಿ ಎಂದರು. ನಮ್ಮ ಉಣ್ಣೆಯೆಲ್ಲ ಸಿಪಾಯಿಗಳ ಕಂಬಳಿಗೆಂದು ಚಳ್ಳಕೆರೆಗೆ ಹೋಯಿತು, ಅದನ್ನು ನೇಯಲು ನನ್ನ ಗಂಡನೂ ಹೋದ. ನಾನು ಇಲ್ಲಿ 'ಆಚೆ ಕಡೆಯವಳು' ಆಗಿ ಉಳಿದೆ. "ನಿದ್ದೇಲೂ ತೆಲುಗು ಮಾತಾಡಬ್ಯಾಡ ಕಣೇ, ಪಹರೆಯೋರು ಬಂದಾರು," ಎನ್ನುತ್ತಿದ್ದರು ಅತ್ತೆ. ನೀರಿಗೆ ಹೋದರೆ ಹಿಂದೆ ಒಬ್ಬರು, ಕುರಿ ಹೊಡೆದುಕೊಂಡು ಹೋದರೆ ಇಬ್ಬರು. ಹಳ್ಳದಾಚೆ ತವರೂರಿನ ಹುಣಸೆಮರ ಮಾತ್ರ ದಿನವೂ ಕಾಣುತ್ತಿತ್ತು. ಅದನ್ನು ಹೆಚ್ಚು ಹೊತ್ತು ನೋಡುವುದಕ್ಕೂ ಹೆದರಿಕೆಯಾಗುತ್ತಿತ್ತು.

ಆ ಬೆಳಿಗ್ಗೆ ನೀನು ಆ ಮರದ ಕಡೆಯಿಂದಲೇ ಬಂದೆ. ಒಬ್ಬಳೇ, ಹೆಗಲ ಮೇಲೆ ಕಂಬಳಿ. ನನ್ನನ್ನು ಕೂಗಿ ಮಾತಾಡಿಸಲಿಲ್ಲ. ಕುರಿ ಕರೆದೆ ನೀನು. ನಮ್ಮ ಕುರಿಗಳೆಲ್ಲ ಒಟ್ಟಿಗೆ ತಲೆಯೆತ್ತಿದವು, ಮುಂದಾಳು ಕರಿಮೂತಿ ಹಳ್ಳಕ್ಕೆ ಇಳಿದೇಬಿಟ್ಟಿತು. ಚಿಕ್ಕವಳಿದ್ದಾಗ ನಾನು ಕುರಿ ಹಿಂದೆ ಯಾರದೋ ಹೊಲಕ್ಕೆ ನುಗ್ಗಿ ಓಡಿಬಂದ ದಿನ ನೀನು ಹೇಳಿದ್ದು ಆಗ ನೆನಪಾಯಿತು. "ಕುರಿ ಹಿಂದೆ ಓಡೋರ್ನ ಯಾರೂ ತಡಿಯಲ್ಲ." ನನ್ನನ್ನು ಕರೆದುಕೊಂಡು ಹೋಗಲು ನಿನಗೆ ಹೊಳೆದ ದಾರಿ ಅದು, ಅಲ್ಲವಾ? ನನ್ನ ಕಾಲು ಎದ್ದಿತ್ತು ಅವ್ವಾ, ದೇವರಾಣೆ ಎದ್ದಿತ್ತು.

ಅಷ್ಟರಲ್ಲಿ ನಮ್ಮ ಕಡೆಯ ಪಹರೆಯ ಜಮಾದಾರ ನನ್ನ ಹಿಂದೆ ಬಂದು ನಿಂತ. "ಕುರಿ ಹೊಡ್ಕಂಡು ಹೋಗಾಕೆ ಆಳು ಕಳಿಸ್ಯಾರೆ," ಎಂದು ಕಿರುಚಿದ. ಆಚೆಯವರೂ ಕೋವಿ ಎತ್ತಿದರು. ಜಮಾದಾರನ ಕೋವಿ ನಿನ್ನ ಎದೆಗೇ ಗುರಿಯಿಟ್ಟಿತ್ತು. "ವಾಪಸ್ ಕರಿ. ಇಲ್ದಿದ್ರೆ ಮೊದ್ಲು ಆ ಮುದುಕಿ." ನಾನು ಏನು ಮಾಡಬೇಕಿತ್ತು, ಹೇಳು? ನಿನ್ನ ದನಿಯಲ್ಲೇ ಕೂಗಿದೆ. ಅಳದೆ, ಸರಿಯಾಗಿ. ಕುರಿಗಳು ಹಳ್ಳದ ನಡುವೆ ನಿಂತು ಒಮ್ಮೆ ಅತ್ತ, ಒಮ್ಮೆ ಇತ್ತ ನೋಡಿ ನನ್ನ ಕಡೆಗೆ ಬಂದವು. ಕರಿಮೂತಿ ಒಂದೇ ನಿನ್ನ ಹಿಂದೆ ಹೋಯಿತು. ಕೋವಿ ನಿನಗೆ ಕಾಣಿಸಿತೋ ಇಲ್ಲವೋ. ಮಗಳು ಬರಲೊಲ್ಲೆ ಎಂದಳು ಅಂದುಕೊಂಡೆಯಾ? ಆಗ ನನಗೆ ಮೂರು ತಿಂಗಳು ಅವ್ವಾ. ಅದನ್ನು ನಿನಗೆ ಹೇಳಲು...

ನೀನು ತೀರಿಹೋದ ಸುದ್ದಿಯನ್ನೂ ಯಾರೂ ತರಲಿಲ್ಲ. ಆಷಾಢದಲ್ಲಿ ಒಂದು ದಿನ ನನ್ನ ತಮ್ಮ ತಲೆ ಬೋಳಿಸಿಕೊಂಡು ಆಚೆ ದಡಕ್ಕೆ ಕುರಿ ಮೇಯಿಸಲು ಬಂದ. ಅಪ್ಪ ನನ್ನ ಮದುವೆಗೆ ಮುಂಚೆಯೇ ಹೋಗಿದ್ದ. ಮತ್ತೆ ಯಾರಿಗೆಂದು ಬೋಳಿಸಿಕೊಂಡಾನು? ಪಹರೆಯವರ ಮುಂದೆ ಅಳುವ ಹಾಗೂ ಇರಲಿಲ್ಲ. ಕುರಿ ಮೈಯಿಂದ ಉಣ್ಣಿ ಕೀಳುತ್ತಾ ಕುಳಿತೆ.

ಯುದ್ಧ ಆಗಲೇ ಇಲ್ಲ. ಗಡಿಯಲ್ಲಿ ದೊಡ್ಡ ದಾಳಿ ತಡೆದನೆಂದು ಜಮಾದಾರನಿಗೆ ಬೆಳ್ಳಿ ಕಡಗ ಹಾಕಿದರಂತೆ. ನೀನೇ ಆ ದೊಡ್ಡ ದಾಳಿ! ದೊಡ್ಡವರ ವಿವೇಕದಿಂದ ಯುದ್ಧ ತಪ್ಪಿತು ಎಂದು ಚಳ್ಳಕೆರೆ ಸಂತೆಯಲ್ಲಿ ಹೇಳುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಕಲ್ಲು ಹಾಗೇ ಇದೆ, ಪಹರೆಯೂ ಇದೆ. ಯುದ್ಧ ಆಗಿದ್ದರೆ ಎಂದೋ ಮುಗಿಯುತ್ತಿತ್ತು, ಆಗದೇ ಇರುವುದನ್ನು ಯಾರು ಮುಗಿಸಬೇಕು? ಗಂಡ ಇನ್ನೂ ಚಳ್ಳಕೆರೆಯಲ್ಲಿ ಕಂಬಳಿ ನೇಯುತ್ತಲೇ ಇದ್ದಾನೆ.

ಮೊನ್ನೆ ಸೋಮವಾರ ಮಗಳ ಜೊತೆ ಹಳ್ಳದ ಹತ್ತಿರ ಇದ್ದೆ. ಅವಳಿಗೆ ನಿನ್ನ ಹೆಸರೇ ಇಟ್ಟಿದ್ದೇನೆ, ನಿನ್ನ ಹಟವೂ ಬಂದಿದೆ. ತಮ್ಮ ಆಚೆ ಕಡೆ ತನ್ನ ಕುರಿಗಳನ್ನು ಮನೆಗೆ ತಿರುಗಿಸಲು ಕೂಗಿದ. ನಿನ್ನದೇ ಕೂಗು, ಒಂದೆಳೆ ಹೆಚ್ಚುಕಡಿಮೆ ಇಲ್ಲ. ನಮ್ಮ ಕುರಿಗಳೂ ತಲೆಯೆತ್ತಿದವು. ನೀನು ಕೊಟ್ಟವುಗಳ ಮರಿಗಳು ಇವು, ಹತ್ತೋ ಹನ್ನೆರಡೋ ಹಳ್ಳಕ್ಕೆ ಇಳಿದವು. ಈಗಿನ ಪಹರೆಯವನು ವಯಸ್ಸಾದವನು, ಹೊಗೆಸೊಪ್ಪು ತಿಕ್ಕುತ್ತಾ "ನಿನ್ ಕುರಿ ಹೋಗ್ತಾ ಐತಲ್ಲವ್ವ, ಕರ್ಕಳ್ಳೇ," ಎಂದ. "ನಾ ಕರೀಲಾ ಅವ್ವಾ? ನಂಗೆ ಬರ್ತೈತೆ," ಎಂದಳು ಮಗಳು. ನಾನು ಅವಳ ಬಾಯಿ ಮುಚ್ಚಿದೆ.

"ಬ್ಯಾಡ."

ಕುರಿಗಳು ಆಚೆ ದಡ ಹತ್ತಿದವು. ತಮ್ಮ ಅವುಗಳನ್ನು ನೋಡಿದ, ನನ್ನನ್ನು ನೋಡಿದ. ಇತ್ತ ಓಡಿಸಲಿಲ್ಲ.

ನಾಳೆ ಬೆಳಿಗ್ಗೆ ನಾವಿಬ್ಬರೂ ಕುರಿ ಹುಡುಕಿಕೊಂಡು ಹಳ್ಳಕ್ಕೆ ಇಳಿಯುತ್ತೇವೆ. ತಡೆದರೆ ಕುರಿ ನನ್ನದು, ನನ್ನವ್ವ ಕೊಟ್ಟದ್ದು ಎನ್ನುತ್ತೇನೆ. ಈ ಸಲ ವಾಪಸ್ ಕರೆಯುವುದಿಲ್ಲ ಅವ್ವಾ, ಯಾರ ಕೋವಿ ಎತ್ತ ತಿರುಗಿದರೂ. ನಿನ್ನನ್ನು ಮಣ್ಣು ಮಾಡಿದ ಜಾಗ ತಮ್ಮ ತೋರಿಸುತ್ತಾನೆ. ಅಲ್ಲಿ ನಿನ್ನ ಮೊಮ್ಮಗಳು ಒಮ್ಮೆ ಕೂಗಿ ತೋರಿಸುತ್ತಾಳೆ. ನಾನು ಪಕ್ಕದಲ್ಲಿ ಅಳುತ್ತಿದ್ದರೆ ಬೈಯಬೇಡ.

ನಿನ್ನ ಮಗಳು