ಊರಿಗೆ ನೀರು ಬಿಟ್ಟವಳ ಮನೆಗೆ ನಲ್ಲಿ ಇಲ್ಲವಂತೆ

ಯುಕುಟಿಂಡಾ ಊರಸಭೆಯ ಮಾನ್ಯ ಅಧ್ಯಕ್ಷರೇ,

ಕಳೆದ ಭಾನುವಾರದ ಸಭೆಯಲ್ಲಿ ತಾವು ನನ್ನ ನಾದಿನಿ ಯೂಫ್ರೊಸಿನಾಳ ಮನೆಗೆ ನಲ್ಲಿ ಕೊಡಲಾಗದು ಎಂದು ತೀರ್ಮಾನ ಮಾಡಿದಿರಿ. ಆಕೆ ಊರಿಗೆ ಯಾವ ಸೇವೆಯನ್ನೂ ಸಲ್ಲಿಸಿಲ್ಲ ಎಂಬುದು ತಾವು ಕೊಟ್ಟ ಕಾರಣ. ಹೋದ ವರ್ಷವಿಡೀ ಊರಿಗೆ ನೀರು ಬಿಟ್ಟವಳು ಆಕೆಯೇ. ತೀರ್ಮಾನ ಹೇಳುವ ಮೊದಲು ತಮಗೆ ಗಂಟಲು ಒಣಗಿ ಒಂದು ಲೋಟ ನೀರು ತರಿಸಿಕೊಂಡು ಕುಡಿದಿರಂತೆ. ಆ ನೀರು ಯಾರ ಕೈಯಿಂದ ಬಂತು ಎಂದು ಲೋಟವನ್ನಾದರೂ ವಿಚಾರಿಸಬಹುದಿತ್ತು.

ಇದನ್ನು ಗುಟ್ಟಾಗಿ ಹೇಳಬೇಕೆಂದೇ ನಾನು ಫೋನ್ ಮಾಡಿದ್ದು. ಒಂದು ಸಲ ತಾವು ಮೀಟಿಂಗಿನಲ್ಲಿದ್ದಿರಿ. ಇನ್ನೊಂದು ಸಲ ಸ್ನಾನದಲ್ಲಿದ್ದಿರಿ. ಆಮೇಲೊಂದು ಸಲ ತಮ್ಮ ಹೆಂಡತಿ ಬೆನಿಗ್ನಾ ಫೋನು ಎತ್ತಿ, "ಮನೇಲಿಲ್ಲ ಅಂತ ಹೇಳು ಅಂತಿದಾರೆ ಚಿಕ್ಕಮ್ಮಾ" ಎಂದಳು. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಹುಡುಗಿ. ಆದ್ದರಿಂದ ಈ ಪತ್ರವನ್ನು ಇಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಮಾರಿಯಾದಲ್ಲಿ ನಮ್ಮ ಭಾಷೆಯ ರೇಡಿಯೊದಲ್ಲಿ ಓದಿಸುತ್ತಿದ್ದೇನೆ. ಒಂದು ಪ್ರತಿಯನ್ನು ಊರಸಭೆಯ ಬಾಗಿಲಿಗೆ ಅಂಟಿಸಲು ಕಳಿಸಿದ್ದೇನೆ. ಬಾಗಿಲು ಸ್ನಾನಕ್ಕೆ ಹೋಗಿರುವುದಿಲ್ಲ ಎಂಬ ನಂಬಿಕೆ ನನಗಿದೆ.

ನಮ್ಮೂರ ಪದ್ಧತಿಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಭೆ ಯಾರ ಹೆಸರು ಕರೆಯುತ್ತದೋ ಆ ಮನೆಯ ಗಂಡಸು ಒಂದು ವರ್ಷ ಸಂಬಳವಿಲ್ಲದೆ ಊರ ಸೇವೆ ಮಾಡಬೇಕು. ಮಾಡಿದವನಿಗೆ ಮನೆಗೆ ನಲ್ಲಿ, ಸಭೆಯಲ್ಲಿ ಕೈ ಎತ್ತುವ ಹಕ್ಕು, ಸತ್ತ ಮೇಲೆ ಸ್ಮಶಾನದಲ್ಲಿ ಜಾಗ. ಒಳ್ಳೆಯ ಪದ್ಧತಿಯೇ. ನಾನೂ ಆ ಊರಿನ ನೀರು ಕುಡಿದು ಬೆಳೆದವಳು. ತೊಡಕು ಏನೆಂದರೆ, ಹೆಸರು ಕರೆಯುವ ಸಭೆಗೆ ಆ ಗಂಡಸು ಎಲ್ಲಿದ್ದಾನೆ ಎಂಬ ಗೊಡವೆಯಿಲ್ಲ. ಹೀಗೆ ನನ್ನ ಗಂಡ ಫಿದೆನ್ಸಿಯೊನನ್ನು ಊರ ನೀರುಗಂಟಿಯಾಗಿ ನೇಮಿಸಿದಿರಿ. ಅವರು ಗಡಿ ದಾಟಿ ಇಲ್ಲಿಗೆ ಬಂದು ಸ್ಟ್ರಾಬೆರಿ ಕೀಳಲು ಬಗ್ಗಿ ಇಪ್ಪತ್ತೆರಡು ವರ್ಷವಾಯಿತು, ಇನ್ನೂ ಪೂರ್ತಿ ನೆಟ್ಟಗಾಗಿಲ್ಲ. ಕಾಗದಪತ್ರ ಅವರಿಗೂ ಇಲ್ಲ, ನನಗೂ ಇಲ್ಲ. ಊರಿಗೆ ಹೋಗುವುದು ಸುಲಭ, ಬಸ್ಸಿದೆ. ಮರಳಿ ಬರಲು ಮರುಭೂಮಿಯಲ್ಲಿ ನಡೆಯಬೇಕು. ಬಚ್ಚಲಿನ ಹೊಸ್ತಿಲು ದಾಟಲು ಗೋಡೆ ಹಿಡಿಯುವ ಮನುಷ್ಯ ಅವರು.

ಆಗ ಫೋನಿನಲ್ಲಿ ಯೂಫ್ರೊಸಿನಾ ಹೇಳಿದಳು: "ನೀವ್ಯಾಕೆ ತಲೆ ಕೆಡಿಸ್ಕೋತೀರಿ ಅಣ್ಣಾ? ನಾನಿದೀನಲ್ಲ. ನೀರಿಗೇನು ಗಂಡು ಹೆಣ್ಣು ಗೊತ್ತಾಗತ್ತಾ?"

ನೀರಿಗೆ ಗೊತ್ತಾಗಲಿಲ್ಲ. ತಮಗೆ ಗೊತ್ತಾಯಿತು.

ಆ ಹೆಂಗಸು ಗಂಡ ಸತ್ತ ಮೇಲೆ ತಾನೇ ಇಟ್ಟಿಗೆ ಹೊತ್ತು ಎರಡು ಕೋಣೆ ಕಟ್ಟಿಕೊಂಡವಳು. ವರ್ಷವಿಡೀ ಬೆಟ್ಟದ ಊಟೆಗೆ ಹತ್ತಿದಳು, ತೊಟ್ಟಿಯಲ್ಲಿ ಸತ್ತ ಕಪ್ಪೆ ತೆಗೆದಳು, ಒಡೆದ ಪೈಪಿಗೆ ಸೈಕಲ್ ಟ್ಯೂಬು ಸುತ್ತಿದಳು. ಬೇಸಿಗೆಯಲ್ಲಿ ಊಟೆ ಇಳಿದು ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಮಚ್ಚು ಹಿರಿಯುವ ಜಗಳ ಬಂದಾಗ, ವಾಲ್ವಿನ ಪಕ್ಕ ಒಂದು ಮಣೆ ಹಾಕಿಕೊಂಡು ಕೂತು, ತಾಳೆಗರಿಯ ಟೋಪಿ ಹೆಣೆಯುತ್ತ, ಒಂದು ದಿನ ಇವರಿಗೆ, ಒಂದು ದಿನ ಅವರಿಗೆ ನೀರು ಬಿಟ್ಟಳು. ತಮ್ಮ ಸೋದರಮಾವ ಅಲ್ಲಿಗೆ ಹೋಗಿದ್ದರಂತೆ.

"ನಾನು ಅಧ್ಯಕ್ಷನ ಮಾವ ಕಣೇ. ಸ್ವಲ್ಪ ತಿರುಗಿಸು, ಸ್ನಾನ ಆಗಿಲ್ಲ."

"ಹೌದಾ ಮಾವಾ? ಹಾಗಾದ್ರೆ ಅಧ್ಯಕ್ಷರ ಮನೇಗೇ ಹೋಗಿ ಸ್ನಾನ ಮಾಡಿ. ಇವತ್ತು ಅವರ ಬೀದಿ ಸರದಿ."

ಟೋಪಿ ಹೆಣೆಯುವ ಕೈ ನಿಲ್ಲಲಿಲ್ಲವಂತೆ. ಆ ಬೇಸಿಗೆಯಲ್ಲಿ ಊರಿನಲ್ಲಿ ಒಂದು ತಲೆಯೂ ಒಡೆಯಲಿಲ್ಲ. ಹಿಂದಿನ ನೀರುಗಂಟಿಗಳ ಕಾಲದಲ್ಲಿ ಎಷ್ಟು ತಲೆ ಒಡೆದಿದ್ದವು ಎಂದು ಹೊಲಿಗೆ ಹಾಕಿದ ನರ್ಸಮ್ಮನನ್ನು ಕೇಳಿ.

ವರ್ಷ ಮುಗಿಯಿತು. ಸಭೆಯಲ್ಲಿ ಮೆಚ್ಚುಗೆಪತ್ರ ಓದಿದಿರಿ, ಫಿದೆನ್ಸಿಯೊನ ಹೆಸರಿಗೆ. ಚಪ್ಪಾಳೆಯಾಯಿತು, ಫಿದೆನ್ಸಿಯೊನಿಗೆ. ಆಮೇಲೆ ಯೂಫ್ರೊಸಿನಾ ಎದ್ದು ನಿಂತು, "ಸೇವೆ ಮುಗೀತಲ್ಲ, ನನ್ನ ಮನೆಗೊಂದು ನಲ್ಲಿ ಹಾಕ್ಸಿ" ಎಂದಳು. ಸೇವೆ ಫಿದೆನ್ಸಿಯೊನದು, ನಲ್ಲಿ ಬೇಕಾದರೆ ಅವನ ಮನೆಗೆ, ನೀನು ಯಾವ ಸೇವೆ ಮಾಡಿದೀಯ ಎಂದು ತಾವು ಕೇಳಿದಿರಿ. ಆ ಮನೆಯ ಬಾಗಿಲಿಗೆ ನಾವು ಬೀಗ ಹಾಕಿ ಬಂದು ಇಪ್ಪತ್ತೆರಡು ವರ್ಷ. ಅಲ್ಲಿರುವ ಜೇಡಗಳು ಸ್ನಾನ ಮಾಡುವ ಜಾತಿಯವಲ್ಲ. ಆಕೆ ಬಿಡಲಿಲ್ಲ. ಕೊನೆಗೆ ತಾವು ಇಲ್ಲಿಗೆ ಫೋನು ಹಚ್ಚಿ, ಸಭೆಗೆಲ್ಲ ಕೇಳುವಂತೆ ಧ್ವನಿವರ್ಧಕಕ್ಕೆ ಹಿಡಿದಿರಿ.

ಭಾನುವಾರ ಫಿದೆನ್ಸಿಯೊ ಇರುವುದು ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯಲ್ಲಿ. ಇಲ್ಲಿ ಗಂಡಸರೂ ಬಟ್ಟೆ ಮಡಚುತ್ತಾರೆ, ತಮಗೂ ಬರುತ್ತಿತ್ತು, ಈಗ ಮರೆತಿರಬಹುದು.

"ಫಿದೆನ್ಸಿಯೊ ಚಿಕ್ಕಪ್ಪಾ, ಊರಿಗೆ ಭಾಳ ಚೆನ್ನಾಗಿ ನೀರು ಬಿಟ್ರಿ. ಇಡೀ ಊರು ಮೆಚ್ಚಿದೆ!"

"ನಾನಾ? ನಾನಿಲ್ಲಿ ನಿಮ್ಮ ಚಿಕ್ಕಮ್ಮನ ಲಂಗ ಮಡಚ್ತಾ ನಿಂತಿದೀನಪ್ಪಾ. ಆ ವಾಲ್ವು ಎಡಕ್ಕೆ ತಿರುಗತ್ತೋ ಬಲಕ್ಕೋ ನಂಗೊತ್ತಿಲ್ಲ. ನನ್ನ ತಂಗೀನ ಕೇಳಿ."

ಸಭೆಗೆ ಸಭೆಯೇ ನಕ್ಕಿತಂತೆ. ನಕ್ಕದ್ದು ವಾಲ್ವಿಗೋ ಲಂಗಕ್ಕೋ ತಿಳಿಯಲಿಲ್ಲ. ತಾವು ಮಾತ್ರ ಗಂಭೀರವಾಗಿ, "ನೋಡಿದಿರಾ ಮಹಾಜನಗಳೇ, ಎಷ್ಟು ವಿನಯ!" ಎಂದು ಫೋನು ಇಟ್ಟಿರಿ. ವಿನಯವಂತೆ! ಮೂವತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ, ಆ ಗುಣ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕಂಡುಹಿಡಿದ ತಮಗೆ ಧನ್ಯವಾದ.

ತಾವು ಇಲ್ಲಿ ಆರು ವರ್ಷ ನಮ್ಮ ನಡುಮನೆಯ ನೆಲದ ಮೇಲೆ ಮಲಗಿ, ನಮ್ಮ ಜೊತೆ ಅದೇ ತೋಟಕ್ಕೆ ಬಂದವರು. ಆ ತೋಟದ ಕಕ್ಕಸಿನ ಸಂಗತಿ ನೆನಪು ಮಾಡಲೇ? ಮೇಸ್ತ್ರಿ ಅದನ್ನು ಹೊಲದ ಆ ತುದಿಯಲ್ಲಿ ನಿಲ್ಲಿಸಿದ್ದ. ಹೋಗಿ ಬರುವಷ್ಟರಲ್ಲಿ ಪೆಟ್ಟಿಗೆ ಲೆಕ್ಕದ ಕೂಲಿ ಕಡಿಮೆಯಾಗುತ್ತದೆಂದು ಹೆಂಗಸರು ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಇಬ್ಬರಿಗೆ ಮೂತ್ರಕೋಶದ ಕಾಯಿಲೆ ಹಿಡಿಯಿತು. ಗಂಡಸರಿಗೆ ತೊಂದರೆ ಇರಲಿಲ್ಲ, ಮರಗಳಿದ್ದವು. ಮೇಸ್ತ್ರಿಗೆ ಹೇಳೋಣ ಎಂದರೆ ಎಲ್ಲರಿಗಿಂತ ಮೊದಲು ಹೆದರಿದವರು ತಾವು. "ಬೇಡ ಚಿಕ್ಕಮ್ಮಾ, ಬಾಯಿ ಮುಚ್ಕೊಂಡಿರಿ, ಗಡಿ ಪೊಲೀಸ್ನೋರಿಗೆ, ಮಿಗ್ರಾದವರಿಗೆ ಫೋನ್ ಮಾಡ್ತಾನೆ, ಎಲ್ರನ್ನೂ ಗಡಿಗೆ ಬಿಟ್ಟು ಬರ್ತಾರೆ!"

ನಾವು ಬಾಯಿ ಮುಚ್ಚಿಕೊಂಡೇ ಇದ್ದೆವು. ಮರುದಿನ ಬೆಳಿಗ್ಗೆ ಬುಟ್ಟಿ ಕೆಳಗಿಟ್ಟು, ಒಂದು ಮಾತೂ ಇಲ್ಲದೆ, ಸಾಲಿನ ಹೆಂಗಸರೆಲ್ಲ ಒಟ್ಟಿಗೆ ಆ ತುದಿಗೆ ಹೊರಟೆವು. ಮೇಸ್ತ್ರಿ ಓಡಿ ಬಂದ.

"ಏಯ್, ಎಲ್ಲಿಗೆ ಹೊರಟ್ರಿ ಎಲ್ರೂ?"

"ಅಲ್ಲಿಗೇ."

"ಎಲ್ರಿಗೂ ಒಂದೇ ಸಲಾನಾ?"

"ಏನ್ ಮಾಡೋದು ಮೇಸ್ತ್ರಿ, ಒಂದೇ ಸಲ ಬಂದಿದೆ. ನೀವೇ ಬೇಕಾದ್ರೆ ಅದಕ್ಕೆ ತಡಿ ಅಂತ ಹೇಳಿ ನೋಡಿ."

ಒಬ್ಬೊಬ್ಬರಾಗಿ ಒಳಗೆ ಹೋಗಿ, ಆರಾಮವಾಗಿ ಹೊರಬಂದು, ಕೈ ತೊಳೆದು, ತಿರುಗಿ ಬರುವಷ್ಟರಲ್ಲಿ ಹಣ್ಣಿನ ಲಾರಿ ಅರ್ಧ ಖಾಲಿ ಹೋಗಿತ್ತು. ಮಧ್ಯಾಹ್ನ ಮತ್ತೆ ಒಂದೇ ಸಲ ಬಂತು. ಮಾರನೆಯ ದಿನವೂ ಬಂತು. ಅದರ ಮಾರನೆಯ ದಿನ ಕಕ್ಕಸೇ ಗಾಡಿಯೇರಿ ನಮ್ಮ ಸಾಲಿನ ಹಿಂದೆ ಬಂದು ನಿಂತಿತು. ಮಿಗ್ರಾದವರು ಬರಲಿಲ್ಲ. ಮೊದಲು ಬಾಗಿಲು ತೆಗೆದು ಒಳಗೆ ಹೋದವನು ಯಾರು ಗೊತ್ತಾ? ನೀನು! ಕ್ಷಮಿಸಿ, ತಾವು.

ಇದನ್ನು ನಗಿಸಲು ಹೇಳುತ್ತಿಲ್ಲ, ನಕ್ಕರೆ ಬೇಡವೆನ್ನುವುದೂ ಇಲ್ಲ. ಈ ದೇಶದಲ್ಲಿ ನನಗೆ ಕಾಗದವಿಲ್ಲ. ಪೊಲೀಸಿನವನು ಕಂಡರೆ ಇನ್ನೊಂದು ಬೀದಿ ಹಿಡಿಯುತ್ತೇನೆ. ಆದರೂ ಮೊಮ್ಮಗಳ ಶಾಲೆಯ ಪೋಷಕರ ಸಮಿತಿಯಲ್ಲಿ ನಾನು ಕೈ ಎತ್ತಿದರೆ ಅದನ್ನು ಒಂದು ಎಂದು ಎಣಿಸುತ್ತಾರೆ. ಗಂಡ ಎಲ್ಲಿ ಎಂದು ಯಾರೂ ಕೇಳಿಲ್ಲ. ಕೇಳಿದ್ದರೆ ಬಟ್ಟೆ ಮಡಚುತ್ತಿದ್ದಾರೆ ಎನ್ನುತ್ತಿದ್ದೆ. ನಮ್ಮೂರಲ್ಲಿ ನನ್ನ ಹುಟ್ಟಿದ ದಾಖಲೆಯಿದೆ, ಮದುವೆಯ ದಾಖಲೆಯಿದೆ, ಹೆತ್ತ ಮಕ್ಕಳ ದಾಖಲೆಯಿದೆ. ಅಷ್ಟೆಲ್ಲ ಕಾಗದವಿದ್ದೂ ಅಲ್ಲಿ ನಮಗೆ ಕೈ ಇಲ್ಲ. ಯೂಫ್ರೊಸಿನಾಳ ಎರಡೂ ಕೈಯಲ್ಲಿ ವಾಲ್ವು ತಿರುಗಿಸಿದ ಗುಳ್ಳೆಗಳಿವೆ. ಅವನ್ನು ಯಾರ ಕೈಯೆಂದು ಎಣಿಸಿದಿರಿ ಅಧ್ಯಕ್ಷರೇ?

ಇನ್ನೊಂದು ಸಂಗತಿ. ಇದನ್ನು ಹೇಳಬಾರದೆಂದಿದ್ದೆ, ತಾವು ಫೋನು ಎತ್ತಿದ್ದರೆ ಹೇಳುತ್ತಲೂ ಇರಲಿಲ್ಲ. ಊರ ಕಾವಲಿನ ಸೇವೆ ಮಾಡದವನು ನಮ್ಮಲ್ಲಿ ಅಧ್ಯಕ್ಷನಾಗುವಂತಿಲ್ಲ. ತಾವು ಆ ಸೇವೆ ಸಲ್ಲಿಸಿದ ವರ್ಷ ಯಾವುದು? ನಮ್ಮ ನಡುಮನೆಯಲ್ಲಿ ಮಲಗಿ, ಮೊಸಳೆಯಂತೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ ವರ್ಷ. ಊರಲ್ಲಿ ಬೆನ್ನಿಗೆ ಮಗು ಕಟ್ಟಿಕೊಂಡು ಕಾವಲಿನ ಕೋಲು ಹಿಡಿದು ತಿರುಗಿದವಳು ಬೆನಿಗ್ನಾ. ಹೆಂಡದಂಗಡಿಯ ಮುಂದೆ ಕುಡಿದು ಬಿದ್ದವನೊಬ್ಬನ ಕುತ್ತಿಗೆಪಟ್ಟಿ ಹಿಡಿದು ಎಳೆದಾಗ ಅವನು ಕೂಗಿದನಂತೆ: "ಹೆಂಗಸು ನನ್ನ ಹಿಡೀತಾಳಾ?"

"ನಾನೆಲ್ಲಿ ಹಿಡೀತಿದೀನಿ? ಹಿಡೀತಿರೋನು ನನ್ನ ಗಂಡ. ಕ್ಯಾಲಿಫೋರ್ನಿಯಾದಿಂದ ಹಿಡೀತಿದಾನೆ. ನಡಿ ಒಳಗೆ."

ಈಗ ತಾವೇ ನ್ಯಾಯ ಹೇಳಿ. ಬೇರೆಯವರ ಹೆಸರಿನಲ್ಲಿ ಮಾಡಿದ ಸೇವೆ ಮಾಡಿದವಳದೇ ಎಂದಾದರೆ, ಯೂಫ್ರೊಸಿನಾಳಿಗೆ ನಲ್ಲಿ ಹಾಕಬೇಕು, ತಮ್ಮ ಕುರ್ಚಿಯಲ್ಲಿ ಬೆನಿಗ್ನಾ ಕೂರಬೇಕು. ಅದು ಹೆಸರಿನವನದೇ ಎಂದಾದರೆ, ತಾವು ನಮ್ಮ ನಡುಮನೆಯಲ್ಲಿ ಗೊರಕೆ ಹೊಡೆಯುತ್ತಲೇ ಊರು ಕಾದ ಅಧ್ಯಕ್ಷರು. ಕುರ್ಚಿಯ ಮಾತು ಈ ವರ್ಷ ಬಿಡೋಣ. ಬೆನಿಗ್ನಾಳಿಗೂ ಪುರಸೊತ್ತಿಲ್ಲ.

ಫಿದೆನ್ಸಿಯೊನ ಮಾತು ಉಳಿಯಿತು. ಆ ಫೋನು ಬಂದ ಮೇಲೆ ಅವರು ಮಂಕಾಗಿದ್ದರು. ಹೆತ್ತ ತಾಯಿಯ ಸಮಾಧಿಯ ಪಕ್ಕ ಮಣ್ಣಾಗಬೇಕೆಂಬುದು ಅವರ ಒಂದೇ ಆಸೆ ಎಂದು ತಮಗೂ ಗೊತ್ತು. ಊರು ಬಿಟ್ಟಾಗ ಅವರ ಲೆಕ್ಕದಲ್ಲಿ ಬೇರೆ ಸೇವೆ ಇರಲಿಲ್ಲ. ಇರುವುದು ಇದೊಂದೇ. ಇದರ ಬಲದಿಂದಲೇ ಆ ಜಾಗ. ಮಂಗಳವಾರ ಊಟಕ್ಕೆ ಕೂತಾಗ ಟೋರ್ಟಿಯಾ ರೊಟ್ಟಿ ಕೈಯಲ್ಲೇ ಹಿಡಿದು ಹೇಳಿದರು:

"ನನ್ನ ಹೆಸರು ಹೊಡೆದು ಹಾಕು ಅಂತ ಬರಿ."

"ಹೊಡೆದ್ರೆ ನಿಮ್ಮ ಸೇವೆ ಹೋಯ್ತು. ಅಮ್ಮನ ಪಕ್ಕದ ಜಾಗಾನೂ ಹೋಯ್ತು."

"ಗೊತ್ತು."

"ಆಮೇಲೆ ನನ್ನ ಮುಂದೆ ಅಳಬೇಡಿ."

"ಸತ್ತಮೇಲೆ ಹೇಗೆ ಅಳಲಿ ಮಾರಾಯ್ತಿ?" ಎಂದು ನಕ್ಕರು. ಆಮೇಲೆ ನಗಲಿಲ್ಲ. "ನನ್ನನ್ನ ಎಲ್ಲಿ ಹೂತ್ರೂ ಆಗತ್ತೆ. ಅವಳಿಗೆ ಕುಡಿಯೋಕೆ ನೀರು ಬೇಕು."

ಅಧ್ಯಕ್ಷರೇ, ತಾವು ಹೇಳಿದ ವಿನಯ ಇದೇ ಇರಬೇಕು. ನಾನು ಒಲೆಯ ಕಡೆ ತಿರುಗಿ, ಸುಡದ ಟೋರ್ಟಿಯಾವನ್ನು ಸುಟ್ಟಿತೆಂದು ಬೈದೆ.

ನಮ್ಮ ಬೇಡಿಕೆ ಇಷ್ಟು. ಕಳೆದ ವರ್ಷದ ನೀರುಗಂಟಿಯ ಸೇವೆಯಲ್ಲಿ ಫಿದೆನ್ಸಿಯೊನ ಹೆಸರು ಹೊಡೆದು ಯೂಫ್ರೊಸಿನಾಳ ಹೆಸರು ಬರೆಯಿರಿ. ಮುಂದಿನ ಸಭೆಯೊಳಗೆ ಆಕೆಯ ಮನೆಗೆ ನಲ್ಲಿ ಹಾಕಿಸಿ. ಆ ಸಭೆಯಲ್ಲಿ ಆಕೆ ಕೈ ಎತ್ತಲಿ, ಸೇವೆ ಮಾಡಿದ ಎಲ್ಲ ಹೆಂಗಸರೂ ಎತ್ತಲಿ, ತಾವು ಎಣಿಸಿ. ಎಣಿಸಲು ಬೆರಳು ಸಾಲದಿದ್ದರೆ ಹೆಂಗಸರು ತಮ್ಮ ಬೆರಳು ಕೊಡುತ್ತಾರೆ.

ಆಗದು ಎನ್ನುವುದಾದರೆ, ಬರುವ ತಿಂಗಳ ಮೊದಲ ದಿನದಿಂದ, ಇಲ್ಲಿರುವ ಗಂಡಸರ ಹೆಸರಿನಲ್ಲಿ ಅಲ್ಲಿ ಸೇವೆ ಮಾಡುತ್ತಿರುವ ಹೆಂಗಸರು ಯಾರೂ ಮನೆ ಬಿಟ್ಟು ಬರುವುದಿಲ್ಲ. ಕಾವಲು, ಚರ್ಚಿನ ಗಂಟೆ, ಶಾಲೆಯ ಬಿಸಿಯೂಟ, ವಾಲ್ವು, ಎಲ್ಲವನ್ನೂ ಅವರವರ ಹೆಸರಿನವರಿಗೇ ಒಪ್ಪಿಸುತ್ತಾರೆ. ಫೋನಿನಲ್ಲಿ ಮಾತಾಡಿಕೊಂಡಾಗಿದೆ. ಮಾತುಕತೆಯಲ್ಲಿ ಬೆನಿಗ್ನಾಳೂ ಇದ್ದಳು, ಆಗ ನಿಜಕ್ಕೂ ತಾವು ಮನೆಯಲ್ಲಿರಲಿಲ್ಲ. ಗಂಟೆ ಬಾರಿಸಬೇಕಾದಾಗ ಇಲ್ಲಿಗೆ ಫೋನ್ ಮಾಡಿ. ಗಂಡಸರೆಲ್ಲ ಸಿಗುತ್ತಾರೆ, ಫೋನು ಎತ್ತುವಂತೆ ನಾನೇ ನೋಡಿಕೊಳ್ಳುತ್ತೇನೆ.

ಇಂತಿ,
ಅಲ್ಲಿ ಕೈ ಇಲ್ಲದ, ಇಲ್ಲಿ ಕಾಗದವಿಲ್ಲದ, ಬಾಯಿಯೊಂದು ಮಾತ್ರ ಎರಡೂ ಕಡೆ ಇರುವ
ಒಬ್ದೂಲಿಯಾ

ಇದನ್ನು ಪೂರ್ತಿ ಓದಿಸಿ ಕೇಳಿದ್ದೇನೆ. ನನ್ನ ಹೆಸರು ಹೊಡೆಯಲು ಒಪ್ಪಿದ್ದೇನೆ. ತಂಗಿಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ.
ಫಿದೆನ್ಸಿಯೊ